ಟೊಂಗೆ ಕಡಿಯುವ ಮುನ್ನ ಹೊನ್ನಕ್ಕಿಯನ್ನು ನೋಡಿ

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಖಾನಾಪುರ ಕಡೆಯ ನಮ್ಮ ಗದ್ದೆ ಬದುವಿನ ಮತ್ತಿ ಮರದ ಟೊಂಗೆ ಕಡಿಸಿದೆ. ಭತ್ತಕ್ಕೆ ನೆರಳು ಹೆಚ್ಚಾಗಿತ್ತು. ಕೆಳಗೆ ಬಿದ್ದ ಟೊಂಗೆಯ ತುದಿಯಲ್ಲಿ ಬಟ್ಟಲಿನಂಥ ಗೂಡು, ಪಕ್ಕದಲ್ಲಿ ಒಡೆದ ಎರಡು ಮೊಟ್ಟೆ. "ಅಣ್ಣಾರ, ಹೊನ್ನಕ್ಕಿ ಗೂಡ್ರಿ ಇದು. ಹತ್ತೂ ಮುಂದ ನನಗೂ ಕಾಣಲಿಲ್ಲ" ಎಂದ ಮರ ಹತ್ತಿದವ. ಆ ಜೋಡಿ ಸಂಜೆಯವರೆಗೂ ಅಲ್ಲೇ ಸುತ್ತುತ್ತಿತ್ತು.

ಹೊನ್ನಕ್ಕಿಯಲ್ಲಿ ನಮ್ಮ ಭಾಗದವರು ಗುರುತಿಸಬೇಕಾದ್ದು ಎರಡು ಜಾತಿ. ತಲೆ, ಗಂಟಲು ಪೂರಾ ಕಪ್ಪು, ಮೈ ಅರಿಶಿಣ, ಕೊಕ್ಕು ಕೆಂಪು ಇದ್ದರೆ ಕರಿತಲೆ ಹೊನ್ನಕ್ಕಿ. ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ. ಖಾನಾಪುರದ ಕಾಡಂಚಿನಲ್ಲಿ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಡೆಯೂ ಇದೇ. ತಲೆಯೂ ಹಳದಿ, ಕಣ್ಣಿನ ಮೇಲೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ ಇದ್ದರೆ ಇನ್ನೊಂದು, ಬರೀ ಹೊನ್ನಕ್ಕಿ. ಅದರ ಹೆಣ್ಣು ಹಸಿರುಮಿಶ್ರಿತ, ಎದೆಯ ಮೇಲೆ ಗೀರು. ಬೆಳಗಾವಿಯ ಮಹಾಂತೇಶ ನಗರದಲ್ಲಿ ನಮ್ಮಣ್ಣನ ಹಿತ್ತಲ ಮಾವಿಗೆ ಚಳಿಗಾಲದಲ್ಲಿ ಬರುವುದು ಇದು. ಮೈನಾ ಗಾತ್ರದ ಹಕ್ಕಿ, ಇಷ್ಟು ಬಣ್ಣವಿದ್ದೂ ಎಲೆಯೊಳಗೆ ಕೂತರೆ ಕಾಣುವುದಿಲ್ಲ. ಕೊಳಲಿನಂಥ ಕೂಗಿನಿಂದಲೇ ಹುಡುಕಬೇಕು.

ಗೂಡು ನೋಡಿದರೆ ನೇಕಾರರೂ ತಲೆದೂಗಬೇಕು. ಹುಲ್ಲು, ತೊಗಟೆಯ ನಾರು, ಜೇಡರ ಬಲೆ ಸೇರಿಸಿ ಟೊಂಗೆ ತುದಿಯ ಕವಲಿಗೆ ತೊಟ್ಟಿಲಿನಂತೆ ಕಟ್ಟುತ್ತದೆ. ಕುಡುಗೋಲು ಮೊದಲು ತಾಗುವುದೂ ಅಲ್ಲಿಗೇ! ಎಷ್ಟೋ ಸಲ ಕಾಜಾಣ ಗೂಡು ಕಟ್ಟಿದ ಮರವನ್ನೇ ಆರಿಸುತ್ತದೆ. ಕಾಜಾಣ ಕಾಗೆಯನ್ನೂ ಹದ್ದನ್ನೂ ಅಟ್ಟಿಸಿಕೊಂಡು ಹೋಗುವಂಥದ್ದು, ಇದಕ್ಕೆ ಪುಕ್ಕಟೆ ಕಾವಲು.

ನಮಗೇನು ಲಾಭ ಅಂತೀರಾ? ಮರಿಗಳಿಗೆ ಹುಳ ತಿನ್ನಿಸುತ್ತದೆ. ಕಂಬಳಿಹುಳವನ್ನೂ ಬಿಡುವುದಿಲ್ಲ. ಆದರೆ ಭತ್ತದೊಳಗೆ ಇಳಿದು ಕೀಟ ಹಿಡಿಯುತ್ತದೆ ಎಂದು ಹೇಳಿದರೆ ಸುಳ್ಳಾದೀತು. ಇದು ಮರದ ಮೇಲಿನ ಹಕ್ಕಿ, ಕೆಲಸವೆಲ್ಲ ಮಾವು, ಹುಣಸೆ, ಬದುವಿನ ಮರಗಳಲ್ಲಿ. ಆಲ, ಅತ್ತಿ, ನೇರಳೆ ಹಣ್ಣು ತಿಂದು ಬೀಜ ಹರಡುತ್ತದೆ. ಲಂಟಾನದ ಬೀಜವನ್ನೂ ಹರಡುತ್ತದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಬೂರುಗ ಹೂಬಿಟ್ಟಾಗ ಮಕರಂದಕ್ಕೂ ಬರುತ್ತದೆ.

ಈಗ ಮತ್ತಿಯ ಟೊಂಗೆಯನ್ನು ಭತ್ತ ಕೊಯ್ದ ಮೇಲೆ ಡಿಸೆಂಬರ್‌ನಲ್ಲೇ ಕಡಿಸುತ್ತೇನೆ. ಗದ್ದೆ ಖಾಲಿ, ಟೊಂಗೆ ಬಿದ್ದರೂ ಬೆಳೆ ಹಾಳಾಗುವುದಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಅನಿವಾರ್ಯವಾದರೆ ಮೊದಲು ಅರ್ಧ ತಾಸು ಮರದ ಕೆಳಗೆ ಕೂತು ನೋಡಬೇಕು. ಹಕ್ಕಿ ಬಾಯಲ್ಲಿ ಹುಳ ಹಿಡಿದು ಒಂದೇ ಟೊಂಗೆಗೆ ಮತ್ತೆ ಮತ್ತೆ ಹೋದರೆ ಆ ಟೊಂಗೆ ಬಿಡಿ, ಬೇರೆ ಕಡಿಯಿರಿ.

ಈ ಏಪ್ರಿಲ್‌ನಲ್ಲಿ ಅದೇ ಮತ್ತಿಗೆ ಕಾಜಾಣ ಗೂಡು ಕಟ್ಟಿದೆ. ಹೊನ್ನಕ್ಕಿ ಇನ್ನೂ ಬಂದಿಲ್ಲ, ಕೂಗು ಮಾತ್ರ ಬೇಲಿಯಾಚೆಯಿಂದ ಕೇಳುತ್ತಿದೆ.