ವೃದ್ಧರ ಸೂರಿಗೆ ಯಾವ ಹಣ?

ಮುಪ್ಪಿನಲ್ಲಿರುವ ತಂದೆ ತಾಯಿಯ ಮುಂದೆ ಬೇಸರದ ಒಂದು ಉದ್ಗಾರವೂ ಹೊರಡಬಾರದೆಂದು ಪವಿತ್ರ ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯದ 23ನೆಯ ಸೂಕ್ತ ತಾಕೀತು ಮಾಡುತ್ತದೆ. ಈ ಸೂಕ್ತದ ಮೇಲಿನ ಪ್ರವಚನಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದರಲ್ಲಿರುವ ಇನ್ನೊಂದು ಅಂಶವನ್ನು ಗಮನಿಸುವವರು ಕಡಿಮೆ. ಹೆತ್ತವರು ಮಕ್ಕಳ ಬಳಿಯಲ್ಲೇ ಮುಪ್ಪನ್ನು ಕಳೆಯುತ್ತಿರುವ ಚಿತ್ರವನ್ನು ಆ ಸೂಕ್ತವು ನಮ್ಮ ಮುಂದಿಡುತ್ತದೆ. ಅಂದರೆ ವೃದ್ಧರ ಸೇವೆ ನಾಲಗೆಯ ಸೌಜನ್ಯದಲ್ಲಿ ಮುಗಿಯುವುದಿಲ್ಲ. ಅದಕ್ಕೆ ಒಂದು ಸೂರು ಬೇಕು, ಮಳೆಗಾಲದಲ್ಲಿ ಸೋರದ ಮಾಡು ಬೇಕು, ರಾತ್ರಿ ಎದ್ದರೆ ಜಾರಿ ಬೀಳದಂತಹ ಶೌಚಾಲಯ ಬೇಕು.

ಇವೆಲ್ಲಕ್ಕೂ ಹಣ ಬೇಕು. ಆ ಹಣ ಎಲ್ಲಿಂದ ಬರಬೇಕು? "ಝಕಾತ್‌ನಿಂದ ಕೊಡಿ" ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಇಲ್ಲವೇ "ಸರಕಾರ ಮಾಡಲಿ" ಎಂದು ಕೈತೊಳೆದುಕೊಳ್ಳುತ್ತೇವೆ. ಇವೆರಡೂ ಪೂರ್ಣ ಉತ್ತರಗಳಲ್ಲ. ಇಸ್ಲಾಮಿನಲ್ಲಿ ಪ್ರತಿಯೊಂದು ಬಗೆಯ ಹಣಕ್ಕೂ ಅದರದ್ದೇ ಆದ ಸ್ಥಾನವಿದೆ. ಯಾವ ಹಣ ಎಲ್ಲಿಗೆ ಸಲ್ಲಬೇಕೆಂದು ಅರಿಯದಿದ್ದರೆ ವೃದ್ಧರಿಗೆ ಸೂರೂ ಸಿಗದು, ನಮ್ಮ ಹೊಣೆಯೂ ತೀರದು.

ಮೊದಲ ಹೊಣೆ ಮಕ್ಕಳದ್ದು

ತಂದೆ ತಾಯಿ ಬಡವರಾಗಿದ್ದು ಮಕ್ಕಳು ಶಕ್ತರಾಗಿದ್ದರೆ, ಅವರ ಅನ್ನ, ಬಟ್ಟೆ, ವಸತಿಯ ಖರ್ಚು ಮಕ್ಕಳ ಮೇಲೆ ಕಡ್ಡಾಯ. ಆದುದರಿಂದಲೇ ಮಗನು ತನ್ನ ಝಕಾತನ್ನು ಹೆತ್ತವರಿಗೆ ಕೊಡುವಂತಿಲ್ಲ. ಸಾಲ ಹಿಂದಿರುಗಿಸುವವನು ಅದನ್ನು ದಾನವೆಂದು ಕರೆಯುತ್ತಾನೆಯೇ? ತಾಯಿಯ ಕೋಣೆಗೆ ಹಂಚು ಹಾಕಿಸುವ ಹಣವೂ ಹಾಗೆಯೇ. ಅದು ಅವನ ಸ್ವಂತ ದುಡಿಮೆಯಿಂದಲೇ ಹೋಗಬೇಕು. ಕೊಲ್ಲಿ ದೇಶದಲ್ಲಿ ದುಡಿದು ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿಸುವ ಸಹೋದರರು ಒಂದು ಕ್ಷಣ ಯೋಚಿಸಬೇಕು. ಮನೆಯ ನಕ್ಷೆ ಬರೆಸುವಾಗ ಉಮ್ಮನ ಕೋಣೆ ನೆಲಮಹಡಿಯಲ್ಲಿದೆಯೇ? ಸ್ನಾನದ ಮನೆ ಅದಕ್ಕೆ ತಾಗಿದೆಯೇ? ಗೋಡೆಗೊಂದು ಹಿಡಿಕೆ ಕೂರಿಸಲು, ಹೊಸ್ತಿಲು ತಗ್ಗಿಸಲು ಎಷ್ಟು ಖರ್ಚಾದೀತು?

ಇಲ್ಲಿ ಹಿರಿಯರಿಗೂ ಒಂದು ಮಾತು. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಮುನ್ನ ಆಲೋಚಿಸಿರಿ. ಕೊಟ್ಟ ಬಳಿಕ ಬಾಗಿಲ ಹೊರಗೆ ನಿಂತವರಿದ್ದಾರೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕ್ಷೇಮದ 2007ರ ಕಾಯ್ದೆಯ 23ನೆಯ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ರದ್ದುಪಡಿಸಲು ಅವಕಾಶವಿದೆ. ಆದರೆ ಅಂತಹ ಷರತ್ತು ಇತ್ತೆಂಬುದು ರುಜುವಾತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದುದರಿಂದ ಪತ್ರದಲ್ಲೇ ಅದನ್ನು ಬರೆಸುವುದು ಕ್ಷೇಮ.

ಝಕಾತ್ ಎಲ್ಲಿ ಸಲ್ಲುತ್ತದೆ?

ಮಕ್ಕಳಿಲ್ಲದವರು, ವಿಧವೆಯರು, ಮಕ್ಕಳೇ ಬಡವರಾಗಿರುವವರು ನಮ್ಮ ಪ್ರತಿಯೊಂದು ಮಹಲ್ಲಾದಲ್ಲೂ ಇದ್ದಾರೆ. ಅತ್ತೌಬ ಅಧ್ಯಾಯದ 60ನೆಯ ಸೂಕ್ತ ತಿಳಿಸುವ ಎಂಟು ವರ್ಗಗಳಲ್ಲಿ ಬಡವರು, ನಿರ್ಗತಿಕರು ಮತ್ತು ಸಾಲಗಾರರು ಸೇರಿದ್ದಾರೆ. ಸೋರುವ ಮನೆಯ ಬಡ ವೃದ್ಧೆ ಇವರಲ್ಲಿ ಒಬ್ಬಳು. ಮನೆ ದುರಸ್ತಿಗೆಂದು ಸಾಲ ಮಾಡಿ ತೀರಿಸಲಾಗದ ವೃದ್ಧನೂ ಇವರಲ್ಲಿ ಒಬ್ಬ. ತಂದೆ ತಾಯಿಗೆ ಸಲ್ಲದ ಝಕಾತ್, ಬಡವರಾದ ಸೋದರತ್ತೆಗೆ, ಚಿಕ್ಕಮ್ಮನಿಗೆ, ಅಣ್ಣನಿಗೆ ಸಲ್ಲುತ್ತದೆ. ಬಂಧುವಿಗೆ ಕೊಟ್ಟರೆ ದಾನದ ಪುಣ್ಯದೊಂದಿಗೆ ಸಂಬಂಧ ಜೋಡಿಸಿದ ಪುಣ್ಯವೂ ಇದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಆದರೆ ಒಂದು ಮಿತಿಯನ್ನು ಮರೆಯಬಾರದು. ಝಕಾತ್ ಹಕ್ಕುದಾರನ ಒಡೆತನಕ್ಕೆ ಸೇರಬೇಕು. ಆದುದರಿಂದ ವೃದ್ಧೆಯ ಸ್ವಂತ ಮನೆಯ ದುರಸ್ತಿಗೆ ಆಕೆಯ ಕೈಗೆ ಕೊಡುವುದು ಸರಿ. ಒಂದು ಟ್ರಸ್ಟಿನ ಹೆಸರಿನಲ್ಲಿ ಉಳಿಯುವ ವೃದ್ಧಾಶ್ರಮದ ಕಟ್ಟಡಕ್ಕೆ ಝಕಾತ್ ಹಾಕುವುದನ್ನು ನಾಲ್ಕೂ ಮದ್‌ಹಬ್‌ಗಳ ಬಹುಸಂಖ್ಯಾತ ವಿದ್ವಾಂಸರು ಒಪ್ಪಿಲ್ಲ. ರಮಝಾನ್‌ನಲ್ಲಿ ಸಂಗ್ರಹವಾದ ಝಕಾತ್ ಸಿಮೆಂಟು, ಕಬ್ಬಿಣವಾಗಿ ಬದಲಾಗುವಾಗ ಜಮಾಅತ್‌ನ ಹೊಣೆಗಾರರು ಉಲಮಾಗಳನ್ನು ಕೇಳಿಯೇ ಮುಂದುವರಿಯಬೇಕು.

ವಕ್ಫ್ ಮತ್ತು ಸದಕ

ಹಾಗಾದರೆ ಅನೇಕರು ಒಟ್ಟಿಗೆ ವಾಸಿಸುವ ಮನೆಗೆ ಹಣ ಯಾವುದು? ಅದಕ್ಕಾಗಿಯೇ ವಕ್ಫ್ ಇದೆ. ಹ. ಉಮರ್(ರ) ಖೈಬರ್‌ನಲ್ಲಿ ತಮಗೆ ದೊರೆತ ಉತ್ತಮ ಭೂಮಿಯ ಬಗ್ಗೆ ಪ್ರವಾದಿವರ್ಯರೊಂದಿಗೆ(ಸ) ಸಮಾಲೋಚಿಸಿದರು. ಮೂಲವನ್ನು ಹಾಗೆಯೇ ಉಳಿಸಿ ಅದರ ಉತ್ಪನ್ನವನ್ನು ದಾನ ಮಾಡುವಂತೆ ಅವರಿಗೆ ಸಲಹೆ ದೊರೆಯಿತು. ಮಾರುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ಫಲ ಮಾತ್ರ ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ.

ಈ ವ್ಯವಸ್ಥೆಯ ಜಾಣ್ಮೆಯನ್ನು ಗಮನಿಸಿರಿ. ಕಟ್ಟಡ ಕಟ್ಟಲು ಒಮ್ಮೆ ಚಂದಾ ಎತ್ತುವುದು ಅಷ್ಟು ಕಷ್ಟವಲ್ಲ. ಆದರೆ ಅಡುಗೆಯವರ ಸಂಬಳ, ವಿದ್ಯುತ್ ಬಿಲ್ಲು, ಔಷಧಿ, ಸುಣ್ಣಬಣ್ಣ ಪ್ರತಿ ತಿಂಗಳೂ ಬಾಗಿಲು ತಟ್ಟುತ್ತವೆ. ಬಾಡಿಗೆ ಬರುವ ಎರಡು ಅಂಗಡಿಗಳನ್ನು ವೃದ್ಧರ ಮನೆಗಾಗಿ ವಕ್ಫ್ ಮಾಡಿದವನು ಈ ನಿತ್ಯದ ಚಿಂತೆಯನ್ನೇ ಹಗುರಗೊಳಿಸುತ್ತಾನೆ. ಕೈರೋ ನಗರದಲ್ಲಿ 1285ರಲ್ಲಿ ಸುಲ್ತಾನ್ ಬೈಬರ್ಸ್‌ನ ಮಗಳು ಸ್ತ್ರೀಯರಿಗಾಗಿಯೇ ಒಂದು ರಿಬಾತ್ ಕಟ್ಟಿಸಿದಳು. ಗಂಡನಿಂದ ಬೇರ್ಪಟ್ಟ, ಆಸರೆಯಿಲ್ಲದ ಸ್ತ್ರೀಯರು ಅಲ್ಲಿ ಗೌರವದಿಂದ ಬದುಕುತ್ತಿದ್ದರೆಂದು ಇತಿಹಾಸಕಾರ ಮಕ್‌ರೀಝಿ ಬರೆದಿದ್ದಾರೆ. ಇಸ್ತಾಂಬುಲ್‌ನಲ್ಲಿ 1896ರಲ್ಲಿ ತೆರೆದ ದಾರುಲ್ ಅಜಝ ಎಂಬ ಅಶಕ್ತರ ಮನೆಯ ಆವರಣದಲ್ಲಿ ಮಸೀದಿಯ ಜೊತೆಗೆ ಚರ್ಚು, ಯಹೂದಿಯರ ಮಂದಿರಗಳೂ ಇವೆ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಗೆ ಹ. ಉಮರ್(ರ) ಬೈತುಲ್ ಮಾಲ್‌ನಿಂದ ನೆರವು ಗೊತ್ತುಪಡಿಸಿದ ಪರಂಪರೆ ನಮ್ಮದು. ಸದಕ ಮತ್ತು ವಕ್ಫ್‌ನಿಂದ ನಡೆಯುವ ಮನೆಯ ಬಾಗಿಲು ನೆರೆಯ ಹಿಂದೂ ಅಜ್ಜಿಗೂ ತೆರೆದಿರಲಿ.

ಇಂದು ವಕ್ಫ್ ಮಾಡುವವರು ಕಾನೂನನ್ನೂ ತಿಳಿದಿರಬೇಕು. 2025ರ ತಿದ್ದುಪಡಿಯಂತೆ ಲಿಖಿತ ವಕ್ಫ್ ಪತ್ರವಿಲ್ಲದೆ ಹೊಸ ವಕ್ಫ್ ಮಾಡುವಂತಿಲ್ಲ. ಬಾಯಿಮಾತಿನ ಕಾಲ ಮುಗಿಯಿತು.

ಸರಕಾರದ ಹಣ

ಸರಕಾರದ ಹಣ ಭಿಕ್ಷೆಯಲ್ಲ, ನಾಗರಿಕರ ಹಕ್ಕು. ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಅರ್ಹ ಬಡ ಕುಟುಂಬಕ್ಕೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ ನೆರವಿದೆ. ಹಣ ಫಲಾನುಭವಿಯ ಬ್ಯಾಂಕ್ ಖಾತೆಗೆ ಕಂತುಗಳಲ್ಲಿ ಬರುತ್ತದೆ. ತಾವೇ ನಿಂತು ಕಟ್ಟಿಸಲಾಗದ ವೃದ್ಧರ ಮನೆಯನ್ನು ಗಾರೆ ಕೆಲಸದ ತರಬೇತಿಯ ಭಾಗವಾಗಿ ಕಟ್ಟಿಕೊಡಬೇಕೆಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಈ ವಿಷಯ ಎಷ್ಟು ಮಂದಿಗೆ ಗೊತ್ತು?

ತೊಡಕು ಇರುವುದು ಕಂತಿನಲ್ಲಿ. ಕೆಲಸ ಒಂದು ಹಂತಕ್ಕೆ ಬಂದ ಮೇಲೆಯೇ ಮುಂದಿನ ಕಂತು. ಕೈಯಲ್ಲಿ ಕಾಸಿಲ್ಲದ ವೃದ್ಧೆಯ ಮನೆ ಪಂಚಾಂಗದ ಮಟ್ಟದಲ್ಲೇ ನಿಂತುಬಿಡುತ್ತದೆ. ಜಮಾಅತ್ ಇಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಸ್ವಲ್ಪ ಹಣ ಕೊಟ್ಟರೆ ಗೋಡೆ ಮೇಲೇಳುತ್ತದೆ. ಕಂತು ಬಂದಾಗ ಹಣ ಮರಳುತ್ತದೆ. ಅದೇ ಹಣ ಇನ್ನೊಂದು ಮನೆಗೆ ಹೋಗುತ್ತದೆ.

ವೃದ್ಧಾಶ್ರಮ ನಡೆಸುವ ನೋಂದಾಯಿತ ಸಂಸ್ಥೆಗಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನವಿದೆ. 2013ರ ಕಂಪೆನಿ ಕಾಯ್ದೆಯಂತೆ ದೊಡ್ಡ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ವೃದ್ಧಾಶ್ರಮವೂ ಇದೆ. ಆದರೆ ಲೆಕ್ಕಪತ್ರ ಚೊಕ್ಕಟವಾಗಿಲ್ಲದ ಸಂಸ್ಥೆಗೆ ಇವಾವುವೂ ದಕ್ಕಲಾರವು. ಅಮಾನತ್ ಎಂಬುದು ಈಮಾನಿನ ಭಾಗವೆಂದು ನಂಬುವ ನಾವು ರಶೀದಿ, ಆಡಿಟ್‌ಗಳನ್ನು ಕಿರುಕುಳವೆಂದು ಬಗೆಯಬಾರದು.

ಬಡ್ಡಿಯ ದಾರಿ

ಇನ್ನೊಂದು ದಾರಿಯನ್ನೂ ಬ್ಯಾಂಕುಗಳು ತೋರಿಸುತ್ತವೆ. 2007ರಿಂದ ನಮ್ಮ ದೇಶದಲ್ಲಿರುವ ರಿವರ್ಸ್ ಮಾರ್ಟ್‌ಗೇಜ್‌ನಲ್ಲಿ 60 ದಾಟಿದವರು ಸ್ವಂತ ಮನೆಯನ್ನು ಅಡವಿಟ್ಟು ಅಲ್ಲಿಯೇ ವಾಸಿಸುತ್ತಾ ಬ್ಯಾಂಕಿನಿಂದ ಹಣ ಪಡೆಯಬಹುದು. ಅವರ ಮರಣಾನಂತರ ಬಡ್ಡಿ ಸಹಿತ ಸಾಲವನ್ನು ವಾರಸುದಾರರು ತೀರಿಸಬೇಕು, ಇಲ್ಲವೇ ಮನೆ ಮಾರಾಟವಾಗುತ್ತದೆ. ಬಡ್ಡಿ ನಿಷಿದ್ಧವೆಂದು ಹೇಳಿ ನಮ್ಮ ವೃದ್ಧರನ್ನು ಇದರಿಂದ ತಡೆಯುವುದು ಸರಿಯೇ. ಆದರೆ ತಡೆದವರು ಬದಲಿ ದಾರಿ ತೋರಿಸದಿದ್ದರೆ ಆ ಫತ್ವಾ ಹಸಿದವನ ಮುಂದಿನ ಖಾಲಿ ಬಟ್ಟಲಿನಂತೆ.

ಸಹೋದರ ಸಹೋದರಿಯರೇ, ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ಮಹಲ್ಲಾದಲ್ಲಿ 60 ದಾಟಿದವರ ಮನೆಗಳನ್ನು ಸುತ್ತಿ ನೋಡಿರಿ. ಯಾರ ಮಾಡು ಸೋರುತ್ತದೆ, ಯಾರ ಶೌಚಾಲಯ ದೂರವಿದೆ, ಯಾರಿಗೆ ಮನೆಯೇ ಇಲ್ಲ ಎಂದು ಬರೆದುಕೊಳ್ಳಿರಿ. ಪ್ರತಿಯೊಂದು ಹೆಸರಿನ ಮುಂದೆ ಮಕ್ಕಳ ಹೊಣೆಯೇ, ಝಕಾತೇ, ಸದಕವೇ, ಸರಕಾರದ ನೆರವೇ ಎಂದು ಗುರುತಿಸಿರಿ. ಪಟ್ಟಿ ಸಿದ್ಧವಾದರೆ ಹಣದ ದಾರಿಯೂ ತೆರೆದೀತು. ನಮ್ಮನ್ನು ಎಳವೆಯಲ್ಲಿ ಮಡಿಲಲ್ಲಿಟ್ಟು ಕಾಪಾಡಿದವರಿಗೆ ಇಳಿವಯಸ್ಸಿನಲ್ಲಿ ನೆರಳಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.