ಯುವಕರಿಗೆ ಹಿರಿಯರ ಆಸರೆ: ಐದು ಗುಂಟೆ ನೆಲ, ವಾರಕ್ಕೊಂದು ಗಂಟೆ



ಬಿತ್ತುವ ಮುನ್ನ ನಾವು ಬೀಜ ನೋಡುತ್ತೇವೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಆದರೆ ನಮ್ಮ ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ, ಇಲ್ಲವೆ ಅದರಲ್ಲಿ ನಪಾಸಾದ ಹುಡುಗ ಹುಡುಗಿಯರು ಎಷ್ಟು ಮಂದಿ, ಅವರು ಈಗ ಏನು ಮಾಡುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು?

ಇಂಥ ಮಕ್ಕಳಿಗೆ ಬುದ್ಧಿ ಹೇಳುವವರ ಕೊರತೆ ಯಾವ ಊರಿನಲ್ಲಿಯೂ ಇಲ್ಲ. ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲರೂ ಹೇಳುತ್ತಾರೆ. ಕೊರತೆಯಿರುವುದು ಜೊತೆಯಲ್ಲಿ ನಿಂತು ಕಲಿಸುವವರದು. ಮನೆಯಲ್ಲಿ ಹೊಲದ ತೀರ್ಮಾನಗಳೆಲ್ಲ ತಂದೆಯವು. ಮಗನ ಪಾಲಿಗೆ ಉಳಿಯುವುದು ಹೇಳಿದ ಕೆಲಸ. ಮಗಳ ಪಾಲಿಗೆ ಅದೂ ಎಣಿಕೆಗೆ ಬಾರದ ಕೆಲಸ. ಹೀಗೆ ಹೇಳಿದ್ದನ್ನೇ ಮಾಡುತ್ತ ಬೆಳೆದವರಿಗೆ ಬೇಸಾಯ ತಮ್ಮದೆಂದು ಅನ್ನಿಸುವುದು ಹೇಗೆ? ಪೇಟೆಗೆ ಹೋಗುವುದು ತಪ್ಪಲ್ಲ. ಆದರೆ ಬೇರೆ ದಾರಿ ಕಾಣದೆ ಹೋಗುವುದು ಒಂದು. ಎಲ್ಲವನ್ನೂ ತಿಳಿದು, ತಾನೇ ಆರಿಸಿಕೊಂಡು ಹೋಗುವುದು ಇನ್ನೊಂದು. ಇವೆರಡಕ್ಕೂ ಬಹಳ ಅಂತರವುಂಟು.

ಆದುದರಿಂದ ಈ ಪಾಠದಲ್ಲಿ ನಾವು ಹೇಳುವುದು ಇಷ್ಟೇ: ಯುವಕರಿಗೆ ಉಪದೇಶ ಕೊಡಬೇಡಿ, ತೀರ್ಮಾನ ಮಾಡುವ ಅವಕಾಶ ಕೊಡಿ. ಪಕ್ಕದಲ್ಲಿ ನೀವಿರಿ.

ಇದು ಹೊಸ ಸಂಗತಿಯಲ್ಲ

1902ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಮಣ್ಣು ಪರೀಕ್ಷೆ ಮಾಡುವುದು, ಒಳ್ಳೆಯ ಬೀಜದ ಮುಸುಕಿನ ಜೋಳವನ್ನು ಸಣ್ಣ ತಾಕಿನಲ್ಲಿ ಬೆಳೆಯುವುದು ಅವರ ಕೆಲಸ. ಇಂಥ ಸಂಘಗಳು ಬೇರೆ ರಾಜ್ಯಗಳಲ್ಲಿಯೂ ಹುಟ್ಟಿದವು. 1910ರಲ್ಲಿ ದಕ್ಷಿಣ ಕೆರೊಲಿನಾದ ಜೆರ್ರಿ ಮೂರ್ ಎಂಬ ಹುಡುಗ ಒಂದು ಎಕರೆಯಲ್ಲಿ 228 ಬುಷೆಲ್, ಎಂದರೆ ಸುಮಾರು 58 ಕ್ವಿಂಟಲ್ ಜೋಳ ಬೆಳೆದನು. ಅಲ್ಲಿನ ಸಾಮಾನ್ಯ ರೈತರ ಇಳುವರಿ ಆಗ ಇದರ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿತ್ತು. ಹೊಸ ಬೀಜವನ್ನು ನಂಬದಿದ್ದ ಹಿರಿಯರು ಇಂಥ ಮಕ್ಕಳ ತಾಕುಗಳನ್ನು ಕಣ್ಣಾರೆ ನೋಡಿ ನಂಬಿದರು.

ನಮ್ಮ ದೇಶದಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಯುವಕ ಮಂಡಲಗಳೂ ಅದರ ಅಂಗವಾಗಿದ್ದವು. ಮಂಡಲಕ್ಕೆ ನಾಮಫಲಕ ಬರೆಸುವುದು ಸುಲಭ. ಫಲಕದ ಹಿಂದೆ ಕಲಿಸುವ ಹಿರಿಯನೊಬ್ಬ ಇದ್ದಲ್ಲಿ ಮಾತ್ರ ಅದು ಬಾಳುತ್ತದೆ.

ಮಾರ್ಗದರ್ಶಿಯಾಗಲು ಯಾರು ತಕ್ಕವರು?

ಹೆಚ್ಚು ಓದಿದವರೇ ಆಗಬೇಕಿಲ್ಲ. ಒಂದು ಕಸುಬನ್ನು ಚೆನ್ನಾಗಿ ಬಲ್ಲವರು, ಹೇಳಿದ ಹೊತ್ತಿಗೆ ಬರುವವರು, ಕೋಪವನ್ನು ಹಿಡಿತದಲ್ಲಿಟ್ಟುಕೊಂಡವರು ಸಾಕು. ಹೈನಿನ ಲೆಕ್ಕ ಬಲ್ಲ ತಾಯಿ, ಕಸಿ ಕಟ್ಟಬಲ್ಲ ತೋಟದ ರೈತ, ಪಂಪುಸೆಟ್ಟು ದುರಸ್ತಿ ಮಾಡುವವರು, ನಿವೃತ್ತ ಮೇಷ್ಟರು ಎಲ್ಲರೂ ಆಗಬಹುದು. ಒಬ್ಬರು ಒಂದಿಬ್ಬರನ್ನು ಮಾತ್ರ ಕೈಗೆತ್ತಿಕೊಳ್ಳಬೇಕು. ಹತ್ತು ಮಂದಿಯನ್ನು ಸೇರಿಸಿದರೆ ಅದು ಭಾಷಣವಾಗಿಬಿಡುತ್ತದೆ. ಸ್ವಂತ ಮಗನಿಗಿಂತ ನೆರೆಮನೆಯ ಮಗನಿಗೆ ಕಲಿಸುವುದು ಎಷ್ಟೋ ಸಲ ಸುಲಭ. ನಿಮ್ಮ ಮಗನಿಗೆ ನೆರೆಮನೆಯವರು ಕಲಿಸಲಿ.

ಮಾಡತಕ್ಕ ಕ್ರಮ

1. ಮುಂಗಾರಿಗೆ ಮುಂಚೆಯೇ ಹುಡುಗನ ಅಥವಾ ಹುಡುಗಿಯ ತಂದೆತಾಯಿಯರೊಡನೆ ಕುಳಿತು ಮಾತನಾಡಿ. ಒಂದು ಬೆಳೆಗೆ ಐದು ಗುಂಟೆ ನೆಲವನ್ನು ಮಕ್ಕಳ ವಶಕ್ಕೆ ಬಿಡಲು ಒಪ್ಪಿಸಿ. ನೆಲವಿಲ್ಲದ ಮನೆಯಾದರೆ ನಿಮ್ಮ ಹೊಲದ ಒಂದು ಮೂಲೆ ಕೊಡಿ. ಬಂದ ಬೆಳೆ ಅವರದೇ ಎಂದು ಮೊದಲೇ ಹೇಳಿ.

2. ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಮದುವೆ, ಜಾತ್ರೆ ಏನೇ ಬಂದರೂ ಮುಂಚೆ ತಿಳಿಸದೆ ತಪ್ಪಿಸಬೇಡಿ. ಹಿರಿಯರು ಎರಡು ಸಲ ತಪ್ಪಿಸಿದರೆ ಮೂರನೆಯ ಸಲ ಹುಡುಗನೂ ಬಾರನು.

3. ಮೊದಲ ಪಾಠ ಬೀಜದ್ದಿರಲಿ. ನೂರು ರಾಗಿ ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿಸಿ. ಬಟ್ಟೆ ಒಣಗದಂತೆ ನೋಡಿಕೊಂಡು, ಒಂದು ವಾರದ ಮೇಲೆ ಮೊಳೆತವನ್ನು ಎಣಿಸಲಿ. 75ಕ್ಕಿಂತ ಕಡಿಮೆಯಾದರೆ ಆ ಬೀಜ ಬಿಡುವುದು ಲೇಸು. ಈ ತೀರ್ಮಾನವನ್ನು ಹುಡುಗನ ಬಾಯಿಂದಲೇ ಹೊರಡಿಸಿ.

4. ಎರಡನೆಯ ಪಾಠ ಮಣ್ಣಿನದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆಯಲಿ. ಗೊಬ್ಬರದ ಗುಂಡಿಯ ಬಳಿ, ಬದುವಿನ ಮೇಲೆ, ಮರದ ಕೆಳಗೆ ತೆಗೆಯಬಾರದು. ಎಲ್ಲವನ್ನೂ ಬೆರೆಸಿ ಅರ್ಧ ಕಿಲೋ ಉಳಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಅವರೇ ಒಯ್ಯಲಿ. ನೀವು ಜೊತೆಗೆ ಹೋಗಿ, ಆದರೆ ಮಾತು ಅವರೇ ಆಡಲಿ. ಕಚೇರಿಯಲ್ಲಿ ನಿಂತು ಕೇಳಿ ತಿಳಿಯುವುದೂ ಒಂದು ವಿದ್ಯೆಯೇ.

5. ಮೂರನೆಯದು ಲೆಕ್ಕ. ಶಿಫಾರಸಿನಂತೆ ಎಕರೆಗೆ 20 ಕಿಲೋ ಸಾರಜನಕ ಬೇಕೆಂದು ಇಟ್ಟುಕೊಳ್ಳೋಣ. ನೂರು ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ. ಹಾಗಾದರೆ ಯೂರಿಯಾ ಒಂದರಿಂದಲೇ ಕೊಡುವುದಾದರೆ ಎಕರೆಗೆ ಸುಮಾರು 43½ ಕಿಲೋ ಬೇಕು. ಎಕರೆಗೆ 40 ಗುಂಟೆ. ಐದು ಗುಂಟೆಯೆಂದರೆ ಎಂಟನೆಯ ಒಂದು ಪಾಲು. ಅದಕ್ಕೆ ಸುಮಾರು 5½ ಕಿಲೋ ಸಾಕು. ಶಾಲೆಯಲ್ಲಿ ಭಾಗಾಕಾರ ಬಾರದೆಂದು ಬೈಸಿಕೊಂಡವನು ಹೊಲದಲ್ಲಿ ಇದನ್ನು ಬೇಗನೆ ಕಲಿಯುತ್ತಾನೆ.

6. ಒಂದು ನೋಟುಬುಕ್ಕಿನಲ್ಲಿ ಮಳೆ ಬಂದ ದಿನ, ಬಿತ್ತನೆ, ಖರ್ಚು, ತಾನು ದುಡಿದ ಗಂಟೆಗಳು ಎಲ್ಲವನ್ನೂ ಬರೆಯಲಿ. ಕೊಯ್ಲಿನ ದಿನ ಒಂದು ಗುಂಟೆಯ ಕಾಳನ್ನು ಬೇರೆ ತೂಗಿ 40ರಿಂದ ಗುಣಿಸಿದರೆ ಎಕರೆಯ ಇಳುವರಿಯ ಅಂದಾಜು ಸಿಗುತ್ತದೆ.

7. ನಿಮ್ಮ ಪದ್ಧತಿಗಿಂತ ಬೇರೆ ಏನನ್ನಾದರೂ ಮಾಡಬೇಕೆಂದು ಅವರು ಕೇಳಿದರೆ ಬೇಡವೆನ್ನಬೇಡಿ. ಅರ್ಧ ತಾಕಿನಲ್ಲಿ ಚೆಲ್ಲು ಬಿತ್ತನೆ, ಅರ್ಧದಲ್ಲಿ ಸಾಲು ಬಿತ್ತನೆ ಮಾಡಲಿ. ಬದಲಾಯಿಸುವುದು ಒಂದನ್ನೇ ಆಗಿರಲಿ. ಆಗಲೇ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ.

ನಷ್ಟವಾದರೆ?

ಐದು ಗುಂಟೆಯ ನಷ್ಟವನ್ನು ಮನೆ ತಡೆದುಕೊಳ್ಳುತ್ತದೆ. ಅದೇ ತಪ್ಪನ್ನು ಹತ್ತು ವರ್ಷಗಳ ಮೇಲೆ, ಸಾಲ ತಂದು ಐದು ಎಕರೆಯಲ್ಲಿ ಮಾಡಿದರೆ ಮನೆ ತಡೆಯದು. ಆದುದರಿಂದ ಬೆಳೆ ಕೆಟ್ಟ ದಿನ “ನಾನು ಹೇಳಿರಲಿಲ್ಲವೇ?” ಎಂದು ಕೇಳಬೇಡಿ. ನೋಟುಬುಕ್ಕು ತೆರೆಸಿ, ಎಲ್ಲಿ ತಪ್ಪಿತೆಂದು ಅವರಿಂದಲೇ ಹುಡುಕಿಸಿ.

ಬೇಸಾಯ ಬೇಡವೆಂದರೆ?

ಬಲವಂತ ಮಾಡಕೂಡದು. ಎಸ್.ಎಸ್.ಎಲ್.ಸಿ. ನಪಾಸಾದವರು ಮುಖ್ಯ ಪರೀಕ್ಷೆಯಾದ ಮೇಲೆ ಅದೇ ವರ್ಷ ಮತ್ತೆ ಬರೆಯಬಹುದು. ಅರ್ಜಿಯ ಕೊನೆಯ ದಿನವನ್ನು ಶಾಲೆಯಲ್ಲಿ ಕೇಳಿ ಅವರಿಗೆ ನೆನಪಿಸುವುದು ನಿಮ್ಮ ಕೆಲಸ. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಮೊದಲಾದ ಕಸುಬುಗಳಿವೆ. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಕನ್ನಡದಲ್ಲಿಯೇ ಉಂಟು. ಅವರೊಡನೆ ಒಂದು ದಿನ ಬಸ್ಸು ಹತ್ತಿ ಆ ಜಾಗಗಳನ್ನು ನೋಡಿಬನ್ನಿ. ತಂದೆತಾಯಿಯರಲ್ಲಿ ಒಬ್ಬರಾದರೂ ಜೊತೆಗಿರಲಿ.

ಎಚ್ಚರಿಕೆಗಳು

ಕಲಿಸುವ ನೆಪದಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಾರದು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷ ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 18 ತುಂಬದವರ ಕೈಗೆ ಔಷಧಿ ಸಿಂಪಡಿಸುವ ಯಂತ್ರವನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಕೊಡಲೇಬಾರದು.

ಪಾಠ ನಡೆಯುವುದು ನಾಲ್ಕು ಜನ ಕಾಣುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಮನೆಯವರಿಗೆ ತಿಳಿದಿರಬೇಕು. ಹೆಣ್ಣುಮಕ್ಕಳಿಗೆ ಹಿರಿಯ ಹೆಂಗಸರು ಮಾರ್ಗದರ್ಶಿಗಳಾಗಲಿ. ಸ್ವಸಹಾಯ ಸಂಘಗಳಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದಾರೆ. ಮಗು ತನ್ನ ಕಷ್ಟ ಹೇಳಿಕೊಂಡರೆ ಕಟ್ಟೆಯ ಮೇಲೆ ಆಡಬೇಡಿ. ಹೊಡೆತ, ಬಾಲ್ಯವಿವಾಹ, ಬೇರೆ ತೊಂದರೆ ಕಂಡುಬಂದರೆ ಮಾತ್ರ ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಜಾತಿ ನೋಡಿ, ಕೇರಿ ನೋಡಿ ಮಕ್ಕಳನ್ನು ಆರಿಸುವುದಂತೂ ಸಲ್ಲದು. ಯಾರಿಗೆ ಕೇಳುವವರಿಲ್ಲವೋ ಅವರಿಂದಲೇ ಆರಂಭವಾಗಲಿ.

ಬಾಳೆಗೆ ಗೊನೆಯ ಭಾರ ಬಂದಾಗ ಊರುಗೋಲು ಕೊಡುತ್ತೇವೆ. ಕೋಲು ಗೊನೆ ಬಿಡುವುದಿಲ್ಲ, ಗಿಡವನ್ನು ಬೀಳಗೊಡುವುದೂ ಇಲ್ಲ. ಹಿರಿಯರ ಕೆಲಸವೂ ಅಷ್ಟೇ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಶಾಲೆ ಬಿಟ್ಟು ಮನೆಯಲ್ಲಿರುವ 15ರಿಂದ 20 ವರ್ಷದವರು ಯಾರು ಯಾರು?

2. ಕಲಿಸಬಲ್ಲ ಹಿರಿಯರು ಯಾರಿದ್ದಾರೆ? ಯಾರಿಗೆ ಯಾವ ಕಸುಬು ಗೊತ್ತು?

3. ಐದು ಗುಂಟೆ ಬಿಟ್ಟುಕೊಡಲು ಯಾವ ಮನೆಯವರು ಒಪ್ಪುತ್ತಾರೆ?

ಮುಂದಿನ ಗ್ರಾಮಸಭೆಗೆ ಮುಂಚೆ ಈ ಮೂರಕ್ಕೂ ಉತ್ತರ ಬರೆದಿಟ್ಟುಕೊಳ್ಳಿ. ಮೊದಲ ವರ್ಷ ಊರಿಗೆ ಮೂರು ಜೋಡಿ ಸಿದ್ಧವಾದರೂ ಸಾಕು.