ಕೋಡಿ ಬಿದ್ದ ಫೋಟೊ ಎಲ್ಲರ ಬಳಿಯೂ ಇದೆ: ಪೋರ್ಟ್‌ಫೋಲಿಯೊ ಕಟ್ಟುವ ಬಗೆ

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಅಣೆಕಟ್ಟೆಯಿರುವ ಮಾರಿಕಣಿವೆಗೆ ಜಾತ್ರೆಗೆ ಹೋದಂತೆ ಹೋದರು. 1933ರ ಬಳಿಕ ಅದೇ ಮೊದಲು. ಹೋಗದೆ ಇರುವುದಾದರೂ ಹೇಗೆ? ಹಾಗಾಗಿ ಕೋಡಿಯ ಬಿಳಿ ನೀರಿನ ಫೋಟೊ ಇಲ್ಲದ ಮೊಬೈಲು ಹಿರಿಯೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅವುಗಳಲ್ಲಿ ಎಷ್ಟೋ ಚೆನ್ನಾಗಿಯೂ ಇವೆ. ಆದರೆ ಅಂಥದೊಂದನ್ನು ಪೋರ್ಟ್‌ಫೋಲಿಯೊದ ಮೊದಲ ಪುಟಕ್ಕೆ ಹಾಕಿದರೆ ನೋಡುವವರಿಗೆ ಅಣೆಕಟ್ಟೆಯ ಸುದ್ದಿ ಗೊತ್ತಾಗುತ್ತದೆ, ತೆಗೆದವರದು ಗೊತ್ತಾಗುವುದಿಲ್ಲ. ಅದೇ ಮಳೆಗಾಲದಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಜಮೀನುಗಳಿಗೂ ನುಗ್ಗಿತ್ತು. ಕೋಡಿಯ ಬಳಿ ಕುಣಿಯುವವರ ಚಿತ್ರದ ಪಕ್ಕದಲ್ಲಿ ನೀರಲ್ಲಿ ನಿಂತ ತೆಂಗಿನ ಮರದ ಚಿತ್ರವೊಂದನ್ನು ಇಟ್ಟು ನೋಡಿ. ಎರಡೂ ಬಿಡಿಯಾಗಿ ಸಾಧಾರಣವೇ ಇರಬಹುದು. ಜೊತೆಗೆ ಇಟ್ಟಾಗ ಇದನ್ನು ತೆಗೆದವರು ಯೋಚಿಸುವವರು ಎಂದು ತಿಳಿಯುತ್ತದೆ. ಪೋರ್ಟ್‌ಫೋಲಿಯೊಗೆ ಬೇಕಾದದ್ದು ಈ ಜೋಡಣೆ. ಇದು ಕೂಡಿಸುವುದಕ್ಕಿಂತ ಹೆಚ್ಚಾಗಿ ಕಳೆಯುವ ಕೆಲಸ.

ಕಳೆಯುವುದು ಎಷ್ಟರಮಟ್ಟಿಗೆ ಎನ್ನುವುದಕ್ಕೆ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಸಾಕ್ಷಿ. 1955–56ರಲ್ಲಿ ಅಮೆರಿಕ ಸುತ್ತಿದ ಆತ ಸುಮಾರು 28,000 ಚಿತ್ರ ತೆಗೆದ. ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಉಳಿಸಿಕೊಂಡದ್ದು 83. ಸಾವಿರಕ್ಕೆ ಮೂರು. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ತನ್ನ ಮೊದಲ ಹಂತದ ಮನ್ನಣೆಗೆ ಕೇಳುವುದು 10 ಚಿತ್ರ, ಎರಡನೆಯದಕ್ಕೆ 15. ಅಲ್ಲಿ ಚಿತ್ರಗಳ ಜೊತೆಗೆ ಅವನ್ನು ಗೋಡೆಯ ಮೇಲೆ ಯಾವ ಕ್ರಮದಲ್ಲಿ ತೂಗಹಾಕಬೇಕೆಂಬ ನಕ್ಷೆಯನ್ನೂ ಕೊಡಬೇಕು. ಎರಡನೆಯ ಹಂತದಲ್ಲಿ ಉದ್ದೇಶ ಏನೆಂದು 150 ಪದಗಳೊಳಗೆ ಬರೆಯಬೇಕು. ಈ ಮನ್ನಣೆ ಬೇಡವೆನ್ನುವವರೂ ಬರೆಯುವ ಕಟ್ಟಳೆಯನ್ನು ಎರವಲು ಪಡೆಯಬಹುದು. ಫೋಟೊ ಆರಿಸುವ ಮೊದಲೇ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಇದು ಯಾವುದರ ಕುರಿತು, ಯಾರಿಗೆ ತೋರಿಸಲು. ಬರೆಯಲು ಬರಲಿಲ್ಲವೆಂದರೆ ಆರಿಸುವ ಹೊತ್ತು ಇನ್ನೂ ಬಂದಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಆ ನಾಲ್ಕು ಸಾಲಿಗೆ ವಸ್ತು ಹುಡುಕಬೇಕಿಲ್ಲ. ನೀರು ಎಂದೇ ಇಟ್ಟುಕೊಳ್ಳೋಣ. ಚಿತ್ರದುರ್ಗದವರಿಗೆ ಕೋಟೆಯೇ ತೊಡಕು: ಏಳು ಸುತ್ತು, ಓಬವ್ವನ ಕಿಂಡಿ, ಬಂಡೆಯ ಹಿಂದೆ ಮುಳುಗುವ ಸೂರ್ಯ. 1972ರಲ್ಲಿ ‘ನಾಗರಹಾವು’ ಸಿನಿಮಾ ಬಂದಾಗಿನಿಂದ ಆ ಬಂಡೆಗಳು ಕನ್ನಡಿಗರ ಕಣ್ಣಲ್ಲಿ ಕೂತುಬಿಟ್ಟಿವೆ, ಅವುಗಳಿಂದ ಹೊಸದೇನನ್ನೋ ಹೇಳಿಸುವುದು ಕಷ್ಟ. ಆದರೆ ನೀರಿನ ದಾರಿ ಹಿಡಿದು ಅದೇ ಕೋಟೆಗೆ ಹೋದರೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ಮಳೆನೀರನ್ನು ಇಳಿಸಿದ ಪಾಳೆಯಗಾರರ ಕಾಲದ ಜಾಣ್ಮೆ ಕಾಣುತ್ತದೆ. ಮುಂದಕ್ಕೆ ಮಾರಿಕಣಿವೆ, ಹೊಸದುರ್ಗದ ಹಿನ್ನೀರು, ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಬತ್ತಿದ ಬೋರ್‌ವೆಲ್ಲು, ಮರ ಉಳಿಸಲು ಬಂದ ಟ್ಯಾಂಕರು, ಭದ್ರಾ ಮೇಲ್ದಂಡೆಯ ಕಾಲುವೆ. ನಾಲ್ಕು ತಾಲ್ಲೂಕು ಒಂದೇ ದಾರಕ್ಕೆ ಬಂದವು. ಹೊಳಲ್ಕೆರೆಯ ಬಯಲು ಗಣಪನ ಫೋಟೊ ಎಷ್ಟೇ ಚೆಂದವಿದ್ದರೂ ಈ ದಾರದಲ್ಲಿ ಅದಕ್ಕೆ ಜಾಗವಿಲ್ಲ, ಗಣಪ ಬೇಸರಪಟ್ಟುಕೊಳ್ಳಲಾರ.

ಊರಿನ ಸ್ಟುಡಿಯೊದವರು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಮದುವೆ, ನಾಮಕರಣ, ಸೀಮಂತ, ಗೃಹಪ್ರವೇಶ ಎಲ್ಲವೂ ತಮ್ಮಿಂದ ಆಗುತ್ತದೆಂದು ಗಿರಾಕಿಗೆ ತೋರಬೇಡವೇ, ಒಂದೇ ವಸ್ತು ಹಿಡಿದರೆ ಹೊಟ್ಟೆ ತುಂಬುತ್ತದೆಯೇ ಎಂಬುದು ಅವರ ಪ್ರಶ್ನೆ. ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಎಲ್ಲವನ್ನೂ ಒಂದೇ ಆಲ್ಬಮ್ಮಿನಲ್ಲಿ ತುಂಬುವುದಲ್ಲ. ಮದುವೆಗೆ ಬೇರೆ, ಪತ್ರಿಕೆಗೆ ಬೇರೆ, ಪ್ರದರ್ಶನಕ್ಕೆ ಬೇರೆ ಎಂದು ಹದಿನೈದು ಹದಿನೈದರ ಸಂಪುಟ ಮಾಡಿಕೊಂಡರೆ ಯಾರಿಗೆ ಯಾವುದು ಬೇಕೋ ಅದನ್ನು ತೆಗೆದು ಕೊಡಬಹುದು. ಮಗಳ ಮದುವೆ ಗೊತ್ತುಮಾಡಲು ಬಂದ ತಂದೆಗೆ ಒಂದೇ ಮದುವೆಯ ಕಥೆ, ಬೆಳಗಿನ ಅರಿಶಿನದಿಂದ ಸಂಜೆ ಹೆಣ್ಣು ಒಪ್ಪಿಸುವವರೆಗೆ, ಇಪ್ಪತ್ತು ಮದುವೆಗಳ ಇಪ್ಪತ್ತು ಮುಖಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಬೆಳಕು ಕೈಕೊಟ್ಟಾಗಲೂ ಈತ ಕೆಲಸ ಕೆಡಿಸುವುದಿಲ್ಲ ಎಂದು ಅವರಿಗೆ ಗೊತ್ತಾಗುವುದು ಅಲ್ಲೇ.

ಇನ್ನೊಂದು ಆಕ್ಷೇಪ ಒಳಗಿನಿಂದ ಏಳುತ್ತದೆ, ಅದು ಇನ್ನೂ ಮೊಂಡು. ಜೋಗಿಮಟ್ಟಿಯ ಚಳಿಯಲ್ಲಿ ನಸುಕಿಗೇ ಕಾದು ತೆಗೆದದ್ದನ್ನು ಬಿಡುವುದು ಹೇಗೆ? ಪಟ್ಟ ಪಾಡು ಚಿತ್ರದಲ್ಲಿ ಕಾಣುವುದಿಲ್ಲ, ನೋಡುವವರು ಅದರ ಲೆಕ್ಕವನ್ನೂ ಇಡುವುದಿಲ್ಲ. ಈ ಮೋಹ ಕಳೆಯಲು ಒಳ್ಳೆಯ ಮದ್ದು ಕಾಲ. ತೆಗೆದ ವಾರದಲ್ಲೇ ಆರಿಸಬೇಡಿ. ಎರಡು ಮೂರು ತಿಂಗಳು ಬಿಡಿ. ಆಮೇಲೆ ನೂರು ಚಿತ್ರಗಳನ್ನು ಕಲರ್ ಲ್ಯಾಬಿನಲ್ಲಿ ಅಂಚೆ ಕಾರ್ಡಿನಷ್ಟು ಅಳತೆಗೆ ಅಗ್ಗದಲ್ಲಿ ಹಾಕಿಸಿ ನೆಲದ ಮೇಲೆ ಹರವಿ. ಪರದೆಯಲ್ಲಿ ಒಂದಾದ ಮೇಲೊಂದು ಸರಿಯುವಾಗ ಕಾಣದ ಪುನರಾವರ್ತನೆ ನೆಲದ ಮೇಲೆ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಒಂದೇ ಮಾತು ಹೇಳುವ ಎರಡರಲ್ಲಿ ಒಂದನ್ನು ತೆಗೆಯಿರಿ. ಫೋಟೊಗ್ರಫಿ ಗೊತ್ತಿಲ್ಲದ, ಮುಲಾಜಿಲ್ಲದೆ ಮಾತಾಡುವ ಒಬ್ಬರನ್ನು ಕರೆದು ಯಾವುದು ಅರ್ಥವಾಗಲಿಲ್ಲ ಎಂದಷ್ಟೇ ಕೇಳಿ. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಫೇಸ್‌ಬುಕ್ಕಿನ ಲೈಕುಗಳನ್ನು ಈ ಹೊತ್ತಿನಲ್ಲಿ ಮರೆಯುವುದು ಲೇಸು: ಅವುಗಳಲ್ಲಿ ಅರ್ಧ ಊರಿನ ಅಭಿಮಾನಕ್ಕೆ ಬಂದವು.

ಉಳಿದವನ್ನು ಕ್ರಮಕ್ಕೆ ತರುವಾಗ ಅತಿ ಗಟ್ಟಿಯಾದ ಎರಡರಲ್ಲಿ ಒಂದನ್ನು ಮೊದಲಿಗೂ ಇನ್ನೊಂದನ್ನು ಕೊನೆಗೂ ಇಡಿ. ದೂರದ ನೋಟದ ಪಕ್ಕ ಹತ್ತಿರದ ಕೈ, ಗದ್ದಲದ ಪಕ್ಕ ಖಾಲಿ ಜಾಗ ಬರಲಿ. ಎಲ್ಲಕ್ಕಿಂತ ಕಡಿಮೆಯದು ಯಾವುದೆಂದು ನೋಡಿ, ಅದನ್ನು ತೆಗೆದರೆ ಕಥೆ ತುಂಡಾಗುತ್ತದೆಯೇ ಎಂದು ಪರೀಕ್ಷಿಸಿ. ತುಂಡಾಗದಿದ್ದರೆ ತೆಗೆದುಹಾಕಿ, ತುಂಡಾಗುವುದಾದರೆ ಅದೇ ಮಾತಿಗೆ ಇನ್ನೊಂದು ಚಿತ್ರ ತೆಗೆದುಕೊಂಡು ಬರಬೇಕು. ಸಂಪುಟ ಅರ್ಧಕ್ಕೇ ನಿಂತು ಮತ್ತೆ ಕ್ಯಾಮೆರಾ ಹಿಡಿಯಬೇಕಾಗಿ ಬಂದರೆ ಅದು ಸೋಲಲ್ಲ, ಏನು ತೆಗೆಯಬೇಕೆಂದು ಮೊದಲ ಬಾರಿಗೆ ಗೊತ್ತಾದಂತೆ.

ತಾಂತ್ರಿಕ ಸಂಗತಿಗಳು ಕಡಿಮೆ. 12×8 ಇಂಚಿನ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600×2400 ಬೇಕು. ಕತ್ತರಿಸುವಾಗ ಇದು ನೆನಪಿರಲಿ. ಪರದೆಗಾದರೆ ಬಣ್ಣವನ್ನು ಎಸ್‌ಆರ್‌ಜಿಬಿಯಲ್ಲಿಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಪ್ರತಿ ಚಿತ್ರದ ಕೆಳಗೆ ಊರು, ತಿಂಗಳು, ವರ್ಷ ಬರೆಯಿರಿ, ‘ಪ್ರಕೃತಿಯ ಮಡಿಲು’ ಎಂಬಂಥ ಹೆಸರು ಬೇಡ. ‘ವಾಣಿವಿಲಾಸ ಸಾಗರ, ಸೆಪ್ಟೆಂಬರ್ 2022’ ಎಂದರೆ ಸಾಕು.